ಚಿತ್ರದ ಹಿಂದಿನ ಮನೆಕಥೆ: ಪಕ್ಕದ ಚೀಟಿಯಲ್ಲಿ ಎಷ್ಟು ಬರೆಯುವುದು, ಹೇಗೆ ಬರೆಯುವುದು?

ಬಾಯಾರು_ಬಣ್ಣ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 14 ಚಿತ್ರಗಳ ಒಂದು ಸರಣಿ ಮುಗಿಯುತ್ತಾ ಬಂದಿದೆ. ಎಲ್ಲ ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್. ವಸ್ತು ಬಾಯಾರು ಕಡೆಯ ಒಂದು ಹಳೇ ಮನೆ, ಅದರ ಸುತ್ತಿನ ಸಂಗತಿಗಳು: ಗುಡ್ಡದೊಳಗೆ ನೀರಿಗಾಗಿ ತೋಡಿದ ಸುರಂಗ, ಚಾಲಿ ಅಡಿಕೆ ಹರಡಿದ ಅಂಗಳ, ಗೇರುತೋಟದ ಮೇಲೆ ಔಷಧಿ ಬಿಡುವ ಹೆಲಿಕಾಪ್ಟರ್, ಅಜ್ಜನ ಇನ್‌ಲ್ಯಾಂಡ್ ಪತ್ರ, ಪಾಲಾದ ಮೇಲೆ ಅಂಗಳದ ನಡುವೆ ಎದ್ದ ಗೋಡೆ. ಮೊದಲು ಕಾಸರಗೋಡಿನಲ್ಲಿ ಒಂದು ಶಾಲೆಯ ಸಭಾಂಗಣದಲ್ಲಿ ಇಡುವುದು, ಆಮೇಲೆ ಕಾಞಂಗಾಡಿಗೆ ಒಯ್ಯುವುದು ಅಂತ ಉಂಟು.

ಚಿತ್ರದ ಪಕ್ಕ ಹಾಕುವ ಬರಹದ ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಕಥೆ ಬರೆಯದಿದ್ದರೆ ನೋಡುವವರಿಗೆ ಏನೂ ತಿಳಿಯದು, ಬರೆದರೆ ಅದು ಆಮಂತ್ರಣ ಪತ್ರಿಕೆಯ ಭಾಷೆಯಾಗುತ್ತದೆ. ಸುರಂಗದ ಚಿತ್ರಕ್ಕೆ ಬರೆದದ್ದು ಹೀಗಿದೆ: “ಈ ಕೃತಿಯು ಬಾಲ್ಯದ ನೆನಪುಗಳೊಳಗಿನ ಒಂದು ಪಯಣ. ಕತ್ತಲು ಬೆಳಕಿನ ಹುಡುಕಾಟದಲ್ಲಿ ಪೂರ್ವಜರ ಶ್ರಮ, ನೀರಿನ ಪಾವಿತ್ರ್ಯ ಹಾಗೂ ಮಣ್ಣಿನ ನಂಟು ಅನಾವರಣಗೊಳ್ಳುತ್ತದೆ.” ನನಗೇ ಸಮಾಧಾನ ಇಲ್ಲ. ಆ ಚಿತ್ರ 24 ಇಂಚು ಅಗಲ, 60 ಇಂಚು ಎತ್ತರ. ಸುರಂಗದ ಅಗಲವೂ ಸುಮಾರು ಅಷ್ಟೇ. ಅಗೆಯುವವರು ದೀಪ ಇಡುತ್ತಿದ್ದ ಗೂಡು ಈಗಲೂ ಗೋಡೆಯಲ್ಲಿ ಉಂಟು, ಅದನ್ನೂ ಬರೆದಿದ್ದೇನೆ. ಅಗೆದವರು ಯಾರೆಂದು ಈಗ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಇನ್ನೊಂದು, ಅಜ್ಜನ ಪತ್ರವನ್ನು ಕ್ಯಾನ್ವಾಸಿಗೇ ಅಂಟಿಸಬಹುದಾ? ಮತ್ತೆ ಮನೆಯ ಮಣ್ಣನ್ನು ಬಣ್ಣಕ್ಕೆ ಸೇರಿಸುವ ಸರಿಯಾದ ಕ್ರಮ ಯಾವುದು? ಬಲ್ಲವರು ಹೇಳಿ.

ಗೋಡೆಚೀಟಿ

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಉಂಟು ಮಾರಾಯ್ರೆ. ಚೀಟಿಗೆ ಬರೆದದ್ದು ಯಾವ ಊರಿನ ಯಾವ ಚಿತ್ರಕ್ಕೂ ಹೊಂದುತ್ತದೆ. ಅದರ ಕೆಳಗೆ ನಮಗೆ ಬರೆದ ನಾಲ್ಕು ವಾಕ್ಯ (ಅಗಲ, ದೀಪದ ಗೂಡು, ಅಗೆದವರ ಹೆಸರು ಗೊತ್ತಿಲ್ಲದ್ದು) ಆ ಒಂದು ಚಿತ್ರಕ್ಕೆ ಮಾತ್ರ ಹೊಂದುತ್ತದೆ. ಚೀಟಿಯಲ್ಲಿ ಬರಬೇಕಾದ್ದು ಅದು. ಕಣ್ಣಿಗೆ ಕಾಣುವುದನ್ನು ಮತ್ತೆ ಹೇಳಬೇಡಿ. ಕಾಣದ್ದನ್ನು ಹೇಳಿ, ಹೇಳಿದ ಮೇಲೆ ಓದಿದವನ ಕಣ್ಣು ಪುನಃ ಚಿತ್ರದ ಒಂದು ನಿರ್ದಿಷ್ಟ ಜಾಗಕ್ಕೆ ಹೋಗುವ ಹಾಗೆ ಮಾಡಿ. ನಿಮ್ಮದೇ ವಿವರ ಇಟ್ಟು ಹೀಗೆ ಮಾಡಬಹುದು:

“ಸುರಂಗದ ಬಾಯಿ. ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್, 24 × 60 ಇಂಚು.
ಮನೆಯ ಹಿಂದಿನ ಗುಡ್ಡದಲ್ಲಿ ನೀರಿಗಾಗಿ ತೋಡಿದ ಸುರಂಗ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಎದುರು ಬರುವಂತಿಲ್ಲ. ಕ್ಯಾನ್ವಾಸಿನ ಅಗಲವೂ ಸುರಂಗದ ಅಗಲವೂ ಒಂದೇ. ಅಗೆದವರ ಹೆಸರು ಮನೆಯಲ್ಲಿ ಈಗ ಯಾರಿಗೂ ಗೊತ್ತಿಲ್ಲ. ಅವರು ದೀಪ ಇಡುತ್ತಿದ್ದ ಗೂಡು ಉಳಿದಿದೆ: ಎಡಬದಿಯ ಮಸಿ ಹಿಡಿದ ಕಲೆ.”

ಮೂವತ್ತು ಚಿಲ್ಲರೆ ಪದ. ಕೊನೆಯ ವಾಕ್ಯದವರೆಗೆ ಓದಿದವರು ಎಡಬದಿಗೆ ನೋಡದೆ ಇರುವುದಿಲ್ಲ. ‘ಪಯಣ’, ‘ಅನಾವರಣ’, ‘ಹುಡುಕಾಟ’, ‘ಸಂವೇದನೆ’, ‘ಆಯಾಮ’ ಈ ಐದನ್ನು ಹುಡುಕಿ ಹೊಡೆದುಹಾಕಿದರೆ ಅರ್ಧ ಚೀಟಿಗಳು ತನ್ನಿಂದ ತಾನೇ ಸರಿಯಾಗುತ್ತವೆ.

ಬರೆಯಲು ಕೂತರೆ ಆ ಭಾಷೆ ಬಂದೇ ಬರುತ್ತದೆ. ಹಾಗಾಗಿ ಬರೆಯಬೇಡಿ, ಮಾತಾಡಿ. ಚಿತ್ರವನ್ನು ಎದುರಿಗಿಟ್ಟು, ನಿಮ್ಮ ಮನೆಯ ಪರಿಚಯ ಇಲ್ಲದ ಒಬ್ಬರನ್ನು ಕೂರಿಸಿ, ಫೋನಿನಲ್ಲಿ ಎಂಟು ಹತ್ತು ನಿಮಿಷ ರೆಕಾರ್ಡ್ ಮಾಡಿ. ಮನೆಯಲ್ಲಿ ಹವ್ಯಕ ಭಾಷೆಯೋ ತುಳುವೋ ಯಾವುದು ಆಡುತ್ತೀರೋ ಅದರಲ್ಲೇ ಹೇಳಿ. ಕೂತವರು ಕೇಳಬೇಕಾದ್ದು ಇಂಥದ್ದು: ಇದು ನೀವು ಕಣ್ಣಾರೆ ಕಂಡದ್ದಾ, ಯಾರೋ ಹೇಳಿ ಕೇಳಿದ್ದಾ? ಈ ಅಳತೆ ಯಾಕೆ? ಮೊದಲು ಬರೆದು ಆಮೇಲೆ ಮುಚ್ಚಿಹಾಕಿದ್ದು ಯಾವುದು, ಯಾಕೆ? ಮನೆಯವರು ಬಂದು ನೋಡಿದರೆ ‘ಇದು ಹಾಗಿರಲಿಲ್ಲ’ ಅಂತ ಯಾವುದನ್ನು ಹೇಳುತ್ತಾರೆ? ಕೊನೆಯ ಎರಡು ಪ್ರಶ್ನೆಗಳಿಗೆ ಬರುವ ಉತ್ತರದಲ್ಲೇ ಸಾಮಾನ್ಯವಾಗಿ ಚೀಟಿ ಇರುತ್ತದೆ. ರೆಕಾರ್ಡ್ ಆದದ್ದನ್ನು ಹಾಗೇ ಅಕ್ಷರಕ್ಕಿಳಿಸಿ, ಮುಟ್ಟಬಹುದಾದ, ಅಳೆಯಬಹುದಾದ, ಹೆಸರಿಸಬಹುದಾದ ಸಂಗತಿಗಳಿಗೆ ಮಾತ್ರ ಅಡಿಗೆರೆ ಹಾಕಿ. ಅಡಿಗೆರೆ ಬಿದ್ದದ್ದನ್ನು ಜೋಡಿಸಿ, ಉಳಿದದ್ದನ್ನು ಬಿಡಿ.

ಕನ್ನಡದಲ್ಲಿ 40ರಿಂದ 60 ಪದ ಧಾರಾಳ. ನಿಂತು ಓದುವವರು ಅದಕ್ಕಿಂತ ಹೆಚ್ಚು ಓದುವುದಿಲ್ಲ, ಹಿಂದಿನವರು ದೂಡುತ್ತಾರೆ ಬೇರೆ. ಮತ್ತೆ ಹದಿನಾಲ್ಕಕ್ಕೂ ಕಥೆ ಬೇಡ. ಐದಾರಕ್ಕೆ ಸಾಕು, ಉಳಿದವಕ್ಕೆ ಹೆಸರು, ಮಾಧ್ಯಮ, ಅಳತೆ, ವರ್ಷ. ಎಲ್ಲದಕ್ಕೂ ಕಥೆ ಹಾಕಿದರೆ ಜನ ಚೀಟಿಯಿಂದ ಚೀಟಿಗೆ ನಡೆಯುತ್ತಾರೆ, ಚಿತ್ರ ನಡುವೆ ಬರುವ ಅಡ್ಡಗೋಡೆಯಾಗುತ್ತದೆ. ಪ್ರವೇಶದಲ್ಲಿ 150 ಪದದ ಒಂದೇ ಫಲಕ ಇಟ್ಟು ಮನೆ ಎಲ್ಲಿ, ಯಾರದ್ದು, ಈಗ ಯಾರಿದ್ದಾರೆ ಎಂಬುದನ್ನು ಅಲ್ಲೇ ಮುಗಿಸಿ. ಆಗ ಪ್ರತಿ ಚೀಟಿಯಲ್ಲೂ ‘ನನ್ನ ಅಜ್ಜನ ಮನೆಯ’ ಎಂದು ಶುರುಮಾಡುವ ತಾಪತ್ರಯ ಇಲ್ಲ.

ಗೇರುತೋಟಕ್ಕೆ ಎಂಡೋಸಲ್ಫಾನ್ ಕೀಟನಾಶಕ ಬಿಡುವ ಹೆಲಿಕಾಪ್ಟರ್ ಚಿತ್ರದ ಚೀಟಿಯಲ್ಲಿ ಒಂದು ಎಚ್ಚರ. ಅಲ್ಲಿ ಮನೆಯ ನೆನಪೂ ಉಂಟು, ಸಾರ್ವಜನಿಕ ದಾಖಲೆಯೂ ಉಂಟು. ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಬೇಡಿ. ‘ಬಾವಿಗೆ ತೆಂಗಿನ ಮಡಲು ಮುಚ್ಚುತ್ತಿದ್ದರು ಎಂದು ಮನೆಯಲ್ಲಿ ಹೇಳುತ್ತಾರೆ’ ಎನ್ನುವಂಥದ್ದು ಒಂದು ವಾಕ್ಯ. ‘ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಯನ್ನು ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ತಡೆಯಿತು’ ಎನ್ನುವುದು ಇನ್ನೊಂದು. ಕಾಸರಗೋಡಿನಲ್ಲಿ ಆ ಚಿತ್ರದ ಮುಂದೆ ನಿಲ್ಲುವವರಲ್ಲಿ ಆ ವಿಷಯವನ್ನು ನಮಗಿಂತ ಚೆನ್ನಾಗಿ ಬಲ್ಲವರು, ಅದರಿಂದ ನೊಂದವರು ಇರುತ್ತಾರೆ. ಇಸವಿ ಒಂದು ತಪ್ಪಿದರೆ ಉಳಿದ ಚೀಟಿಗಳನ್ನೂ ನಂಬುವುದಿಲ್ಲ.

ಮಧೂರು_ಮೌನಿ

ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಚೀಟಿಯೇ ಬೇಡ, ಹೆಸರು ಸರಿ ಇಡಿ. ರಾಜಾ ರವಿವರ್ಮರ 1893ರ ಚಿತ್ರ ‘ದೇರ್ ಕಮ್ಸ್ ಪಪ್ಪಾ’ (ಅಗೋ ಅಪ್ಪ ಬಂದರು) ನೋಡಿ. ಮಗುವನ್ನೆತ್ತಿಕೊಂಡು ನಿಂತಿರುವುದು ಅವರ ಮಗಳು ಮಹಾಪ್ರಭಾ. ಅಪ್ಪ ಚಿತ್ರದಲ್ಲಿಲ್ಲ. ಅವನು ಚೌಕಟ್ಟಿನ ಹೊರಗಿನಿಂದ ಬರುತ್ತಿದ್ದಾನೆ ಎಂದು ಹೇಳುವುದು ಹೆಸರು ಮಾತ್ರ. ಮಾದರಿಯಾಗಿ ನಿಂತದ್ದು ಮಗಳೆಂದು ತಿಳಿಯದಿದ್ದರೂ ಚಿತ್ರಕ್ಕೆ ಏನೂ ಕಮ್ಮಿಯಾಗುವುದಿಲ್ಲ. ಮನೆಕಥೆ ಬಣ್ಣದೊಳಗೆ ಕರಗಿದ್ದರೆ ಸಾಕು, ಅದನ್ನು ಪುನಃ ಹೊರತೆಗೆದು ಒಣಹಾಕುವುದು ಯಾಕೆ?

ಅಕ್ಷರ ಬೇಕೇಬೇಕು ಅಂತಾದರೆ ಚಿತ್ರದೊಳಗೇ ಬರಲಿ. ಚಿತ್ರಕಾರ ಕೆ.ಸಿ.ಎಸ್. ಪಣಿಕ್ಕರ್ 1963ರಿಂದ ಮಾಡಿದ ‘ವರ್ಡ್ಸ್ ಅಂಡ್ ಸಿಂಬಲ್ಸ್’ ಸರಣಿಯಲ್ಲಿ ಮಲಯಾಳದ ಹಾಗೆ ತೋರುವ ಲಿಪಿ, ಅಂಕಿ, ಜಾತಕದಂಥ ಚೌಕಗಳು ಕ್ಯಾನ್ವಾಸ್ ತುಂಬಾ ಉಂಟು. ಓದಲು ಹೋದರೆ ಅರ್ಥ ಸಿಗದು, ನೋಡಲಿಕ್ಕೆ ಇರುವಂಥದ್ದು. ನಿಮ್ಮ ಅಜ್ಜನ ಪತ್ರಕ್ಕೂ ಈ ದಾರಿ ಇದೆ: ಪತ್ರವನ್ನೇ ಅಂಟಿಸುವ ಬದಲು ಆ ಕೈಬರಹದ ಸಾಲು, ಓರೆ, ಇಕ್ಕಟ್ಟು ಇವನ್ನು ಕುಂಚದಲ್ಲಿ ತನ್ನಿ. ಒಳಗಿನ ಸಂಗತಿ ನಿಮ್ಮಲ್ಲೇ ಇರಲಿ.

ಗೋಡೆಚೀಟಿ

ಮೌನಿಗಳೇ, ಹೆಸರಿನ ವಿಷಯ ಒಪ್ಪಿದೆ. ‘ನೆನಪುಗಳು–7’ ಅಂತ ಹೆಸರಿಡುವವರಿಗೆ ನಿಮ್ಮ ಮಾತು ಅಂಟಿಸಿ ಇಡಬೇಕು. ಆದರೆ ರವಿವರ್ಮರ ಚಿತ್ರದಲ್ಲಿ ತಾಯಿ, ಮಗು, ನಾಯಿ. ಯಾವ ದೇಶದವನಿಗೂ ತಿಳಿಯುತ್ತದೆ. ಸುರಂಗದ ಚಿತ್ರ ನೋಡಿದ ಹೊರಗಿನವನಿಗೆ ಅದು ಗುಹೆಯೋ, ಗಣಿಯೋ, ರೈಲಿನ ಸುರಂಗವೋ ತಿಳಿಯುವುದಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ತೋಡಿ, ಒಸರುವ ನೀರನ್ನು ಪಂಪಿಲ್ಲದೆ ಹೊರಗಿನ ಕೆರೆಗೆ ಹರಿಸುವ ವ್ಯವಸ್ಥೆ ಎಂಬ ಒಂದು ಸಾಲು ಬೇಡವಾ?

ಬರಹ ಚಿತ್ರವನ್ನು ಕೆಡಿಸುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಮೆಕ್ಸಿಕೋದಲ್ಲಿ ಹರಕೆ ತೀರಿದ್ದಕ್ಕೆ ತಗಡಿನ ಮೇಲೆ ಚಿಕ್ಕ ಚಿತ್ರ ಬರೆಸಿ ಚರ್ಚಿಗೆ ಒಪ್ಪಿಸುವ ರೂಢಿ ಉಂಟು. ಮೇಲೆ ಘಟನೆ, ಕೆಳಗೆ ಮೂರು ನಾಲ್ಕು ಸಾಲು: ಯಾರಿಗೆ, ಯಾವ ದಿನ, ಯಾವ ಊರಲ್ಲಿ, ಏನಾಯಿತು. ವರ್ಣನೆ ಇಲ್ಲ, ಗೋಳು ಇಲ್ಲ. ಅಲ್ಲಿಯ ಚಿತ್ರಕಾರ್ತಿ ಫ್ರಿಡಾ ಕಾಲೋ 1932ರಲ್ಲಿ ತನ್ನ ಗರ್ಭಪಾತದ ಚಿತ್ರವನ್ನು ಅದೇ ರೀತಿ ಲೋಹದ ತಗಡಿನ ಮೇಲೆ ಮಾಡಿದಳು. ಮಂಚದ ಅಂಚಿನಲ್ಲಿ ತಿಂಗಳು, ವರ್ಷ, ಆಸ್ಪತ್ರೆ, ಊರು ಮಾತ್ರ ಬರೆದಿದ್ದಾಳೆ. ಅತ್ಯಂತ ಖಾಸಗಿ ಸಂಗತಿಗೆ ಅತ್ಯಂತ ಒಣ ಒಕ್ಕಣೆ. ಚೀಟಿಗೆ ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ.

ಇನ್ನೊಂದು ಮಾತು ಪ್ರಶ್ನೆ ಕೇಳಿದವರಿಗೆ. ಕಥೆಯನ್ನು ಪ್ರದರ್ಶನದ ಹೊತ್ತಿಗೆ ನೆನಪು ಮಾಡಿಕೊಂಡು ಬರೆಯುವುದಕ್ಕಿಂತ ಚಿತ್ರ ಬರೆಯುವಾಗಲೇ ಟಿಪ್ಪಣಿ ಇಡುವುದು ಒಳ್ಳೆಯದು. ವಾನ್ ಗಾಗ್ 1885ರಲ್ಲಿ ಆಲೂಗಡ್ಡೆ ತಿನ್ನುವವರ ಚಿತ್ರ ಮಾಡುತ್ತಿರುವಾಗಲೇ ತಮ್ಮ ಥಿಯೋಗೆ ಪತ್ರ ಬರೆದು, ತಟ್ಟೆಗೆ ಹೋಗುವ ಆ ಕೈಗಳೇ ಮಣ್ಣನ್ನೂ ಅಗೆದವು ಎಂಬುದನ್ನು ತೋರಿಸಬೇಕೆಂದಿದ್ದೇನೆ ಎಂಬ ಅರ್ಥದಲ್ಲಿ ಹೇಳಿದ್ದಾನೆ. ಚಿತ್ರದಲ್ಲಿ ಯಾವುದು ಆಕಸ್ಮಿಕ, ಯಾವುದು ಬೇಕೆಂದೇ ಮಾಡಿದ್ದು ಎಂಬುದು ಅಂಥ ಬರಹದಿಂದಲೇ ತಿಳಿಯುವುದು. ಮುಗಿದ ಮೇಲೆ ನಾವೆಲ್ಲ ಆಕಸ್ಮಿಕಕ್ಕೂ ಅರ್ಥ ಹಚ್ಚುತ್ತೇವೆ. ಉಳಿದ ಎರಡು ಮೂರು ಚಿತ್ರಗಳಿಗಾದರೂ ಇವತ್ತಿನಿಂದಲೇ ಒಂದು ಪುಸ್ತಕ ಇಡಿ: ತಾರೀಕು, ಏನು ಬದಲಾಯಿಸಿದೆ, ಯಾಕೆ. ದಿನಕ್ಕೆ ಎರಡು ಸಾಲು ಸಾಕು.

ಕುಂಬಳೆ_ಚೌಕಟ್ಟು

ಸಾಹಿತ್ಯ ಮೇಲಿನವರು ನೋಡಿಕೊಳ್ಳಲಿ, ನಾನು ಅಂಟು ಮತ್ತು ಬೂಷ್ಟಿನ ವಿಷಯಕ್ಕೆ ಬರುತ್ತೇನೆ.

ಅಜ್ಜನ ಮೂಲ ಪತ್ರವನ್ನು ದಯವಿಟ್ಟು ಅಂಟಿಸಬೇಡಿ. ಹಳೇ ಇನ್‌ಲ್ಯಾಂಡ್ ಪತ್ರಗಳಲ್ಲಿ ಹೆಚ್ಚಿನವು ಮಸಿ ಪೆನ್ನಿನಲ್ಲಿ ಬರೆದವು, ಆ ಮಸಿ ನೀರಿಗೆ ಬಿಡುತ್ತದೆ. ಅಕ್ರಿಲಿಕ್ ಮೀಡಿಯಂ, ಅಂದರೆ ಬಣ್ಣವಿಲ್ಲದ ಅಕ್ರಿಲಿಕ್ ಅಂಟು, ನೀರಿನಲ್ಲೇ ಮಾಡಿದ್ದು. ಬಳಿದ ಅರ್ಧ ನಿಮಿಷದಲ್ಲಿ ಅಕ್ಷರ ನೀಲಿ ಮೋಡವಾಗುತ್ತದೆ, ಆಮೇಲೆ ದೇವರೇ ಬಂದರೂ ಆಗದು. ಮಸಿ ನಿಂತರೂ ಒಮ್ಮೆ ಅಂಟಿದ ಕಾಗದವನ್ನು ಕ್ಯಾನ್ವಾಸಿನಿಂದ ಬಿಡಿಸಲು ಆಗುವುದಿಲ್ಲ. ಹೀಗೆ ಮಾಡಿ: ಪತ್ರವನ್ನು 600 ಡಿಪಿಐಯಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿಸಿ, ಲೇಸರ್ ಪ್ರಿಂಟರಿನಲ್ಲಿ ತೆಳು ಹತ್ತಿ ಕಾಗದದ ಮೇಲೆ ತೆಗೆಸಿ. ಇಂಕ್‌ಜೆಟ್ ಬೇಡ, ಅದೂ ನೀರಿಗೆ ಹರಡುತ್ತದೆ. ಲೇಸರಿನ ಟೋನರ್ ಕರಗುವುದಿಲ್ಲ. ಕಾಗದ ಸುಮಾರು 90–100 ಜಿಎಸ್‌ಎಂ ಇರಲಿ, ಕೈಕಾಗದ ದಪ್ಪವಿದ್ದರೆ ಯಂತ್ರದಲ್ಲಿ ಸಿಕ್ಕಿಬೀಳುತ್ತದೆ.

ಅಂಟಿಸುವ ಕ್ರಮ: ಕ್ಯಾನ್ವಾಸನ್ನು ಮಲಗಿಸಿ, ಹಿಂಬದಿಯಿಂದ ಸ್ಟ್ರೆಚರ್ (ಕ್ಯಾನ್ವಾಸ್ ಬಿಗಿದ ಮರದ) ಚೌಕಟ್ಟಿನೊಳಗೆ ಕೂರುವ ಹಾಗೆ ಪ್ಲೈವುಡ್ ತುಂಡೋ ಪುಸ್ತಕಗಳೋ ಆಸರೆ ಕೊಡಿ. ಇಲ್ಲದಿದ್ದರೆ ಒತ್ತಿದಲ್ಲಿ ತಗ್ಗು ಬೀಳುತ್ತದೆ. ಅಂಟುವ ಜಾಗಕ್ಕೆ ಮ್ಯಾಟ್ (ಹೊಳಪಿಲ್ಲದ) ಮೀಡಿಯಂ ತೆಳ್ಳಗೆ ಬಳಿಯಿರಿ. ಕಾಗದದ ಎರಡೂ ಬದಿಗೆ ಬಳಿದು ಎರಡು ಮೂರು ನಿಮಿಷ ಬಿಡಿ. ಕಾಗದ ಒದ್ದೆಯಾದಾಗ ಹಿಗ್ಗುತ್ತದೆ, ಹಿಗ್ಗಿ ಮುಗಿದ ಮೇಲೆ ಇಟ್ಟರೆ ಸುಕ್ಕು ಬರುವುದಿಲ್ಲ. ಒಣ ಕಾಗದ ಇಟ್ಟರೆ ಅದು ಕ್ಯಾನ್ವಾಸಿನ ಮೇಲೆಯೇ ಹಿಗ್ಗಿ ಅಲೆ ಏಳುತ್ತದೆ. ಹಳೇ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ಒತ್ತಿ. ಮೇಲೆ ಬಟರ್ ಪೇಪರ್ ಹಾಕಿ ಭಾರ ಇಡುತ್ತಾರೆ ಕೆಲವರು, ಅದು ಅಂಟಿಕೊಳ್ಳುತ್ತದೆ. ಬೇಕರಿಯವರು ಟ್ರೇಗೆ ಹಾಕುವ ಸಿಲಿಕಾನ್ ಲೇಪದ ಕಾಗದ ಆದರೆ ಅಂಟುವುದಿಲ್ಲ. ಬೇಸಿಗೆಯಲ್ಲಿ ಒಂದು ರಾತ್ರಿ, ಮಳೆಗಾಲದಲ್ಲಿ ಎರಡು ದಿನ. ಗುಳ್ಳೆ ಎದ್ದಿದ್ದರೆ ಸೂಜಿಯಿಂದ ಚುಚ್ಚಿ, ತೆಳು ಮೀಡಿಯಂ ಬಿಟ್ಟು ಪುನಃ ಒತ್ತಿ. ಅದೆಲ್ಲ ಆದ ಮೇಲೆ ಮೇಲ್ಗಡೆ ಎರಡು ತೆಳು ಕೋಟ್.

ಮೂಲ ಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಬಿಸಿ ಮತ್ತು ಅಂಟು ಎರಡೂ ಸೇರಿ ಹಾಳು. ಮಡಿಕೆ ಬಿಡಿಸಿ ಪಾಲಿಯೆಸ್ಟರ್ ಕವರಿನಲ್ಲಿಡಿ. ಸ್ಟೇಷನರಿ ಅಂಗಡಿಯ ಪಿವಿಸಿ ಕವರು ಕಾಲಕ್ರಮದಲ್ಲಿ ಅಂಟುಅಂಟಾಗಿ ಅಕ್ಷರವನ್ನು ಎಳೆದುಕೊಳ್ಳುತ್ತದೆ.

ಮಣ್ಣು: ಮುರಮಣ್ಣನ್ನು ಒಣಗಿಸಿ ಕುಟ್ಟಿ. ಒಂದು ಪಾಲು ಮಣ್ಣಿಗೆ ಐದಾರು ಪಾಲು ನೀರು ಹಾಕಿ ಕದಡಿ, ಅರ್ಧ ನಿಮಿಷ ಬಿಡಿ. ಮರಳು, ಹರಳು ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ರಾತ್ರಿಯಿಡೀ ಬಿಟ್ಟು ತಿಳಿನೀರು ಚೆಲ್ಲಿ. ಇನ್ನೂ ಎರಡು ಸಲ ಹೊಸ ನೀರು ಹಾಕಿ ಹೀಗೇ ತೊಳೆಯಿರಿ, ಮಣ್ಣಿನ ಉಪ್ಪು ಹೋಗಬೇಕು. ಇಲ್ಲದಿದ್ದರೆ ಬಣ್ಣ ಒಣಗಿದ ಮೇಲೆ ಬಿಳಿ ಪುಡಿ ಎದ್ದು ಬರಬಹುದು. ಕೆಸರು ಒಣಗಿಸಿ, ಅರೆದು, ತೆಳು ಮಲ್ಲು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಒಂದು ಪಾಲು ಪುಡಿಗೆ ಒಂದರಿಂದ ಒಂದೂವರೆ ಪಾಲು ಮ್ಯಾಟ್ ಮೀಡಿಯಂ. ತುಂಡು ಕ್ಯಾನ್ವಾಸಿನ ಮೇಲೆ ಬಳಿದು ಒಣಗಿಸಿ ಬೆರಳಲ್ಲಿ ಉಜ್ಜಿ: ಪುಡಿ ಬಂದರೆ ಮೀಡಿಯಂ ಸಾಲದು. ಬಿರುಕು ಬಂದರೆ ಪದರ ದಪ್ಪವಾಯಿತು, ಎರಡು ತೆಳು ಪದರ ಮಾಡಿ. ಮುರಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡ್, ಬೆಳಕಿಗೆ ಮಾಸುವುದಿಲ್ಲ. ಕೇರಳದ ಭಿತ್ತಿಚಿತ್ರಗಳ ಕೆಂಪು ಹಳದಿಗಳು ಇಂಥ ಮಣ್ಣಿನಿಂದಲೇ ಬಂದವು.

ಮನೆಯ ನೆನಪಿಗೆಂದು ಅರಿಶಿನ, ಕುಂಕುಮ ಸೇರಿಸುವವರೂ ಇದ್ದಾರೆ. ಅರಿಶಿನ ಬೆಳಕಿಗೆ ಬೇಗ ಮಾಸುತ್ತದೆ. ಅದಕ್ಕೂ ಮುಂಚೆ, ಅಕ್ರಿಲಿಕ್ ಮೀಡಿಯಂ ಸ್ವಲ್ಪ ಕ್ಷಾರ ಗುಣದ್ದು, ಸುಣ್ಣ ತಾಗಿದ ಅರಿಶಿನದ ಹಾಗೆ ಕೆಂಪುಕಂದು ತಿರುಗುತ್ತದೆ. ಕಪ್ಪು ಬೇಕಿದ್ದರೆ ದೀಪದ ಕಾಡಿಗೆ ಒಳ್ಳೆಯದು, ಬಣ್ಣ ಹೋಗದು. ಆದರೆ ಎಣ್ಣೆ ಪಸೆ ಇರುವುದರಿಂದ ನೀರಲ್ಲಿ ಕೂಡುವುದಿಲ್ಲ. ಮೊದಲು ಎರಡು ಹನಿ ಸ್ಪಿರಿಟ್ಟಿನಲ್ಲಿ ಕಲಸಿ ಆಮೇಲೆ ಮೀಡಿಯಂ ಹಾಕಿ. ನಿಮ್ಮ ದೀಪದ ಗೂಡಿನ ಕಲೆಗೆ ಇದೇ ಬಳಸಿದರೆ ಚೀಟಿಯಲ್ಲಿ ಮಾಧ್ಯಮದ ಸಾಲಿನಲ್ಲಿ ‘ಮುರಮಣ್ಣು, ಕಾಡಿಗೆ’ ಎಂದು ಬರೆಯಬಹುದು. ಗೋಡೆಚೀಟಿಯವರ ಅರ್ಧ ಕಥೆ ಅಲ್ಲೇ ಆಯಿತು.

ಕಥೆಯನ್ನು ಕ್ಯಾನ್ವಾಸಿನ ಬೆನ್ನಿಗೆ ಬರೆಯುವ ಚಟ ಹಲವರಿಗೆ ಉಂಟು. ಮಾರ್ಕರಿನ ಮಸಿ ವರ್ಷ ಕಳೆದ ಹಾಗೆ ಮುಂದೆ ಇಣುಕುತ್ತದೆ, ಬಾಲ್ ಪೆನ್ನಿನ ಒತ್ತು ಮುಂದೆ ಏರುಗೆರೆಯಾಗಿ ಕಾಣುತ್ತದೆ. ಕಾಗದವನ್ನು ಬಿಳಿ ಅಂಟಿನಲ್ಲಿ ಬೆನ್ನಿಗೆ ಅಂಟಿಸಿದರೆ ಆ ಭಾಗ ಮಾತ್ರ ಬಿಗಿದು ಮುಂದೆ ಚೌಕಾಕಾರದ ಉಬ್ಬು ಬರುತ್ತದೆ. ಸ್ಟ್ರೆಚರ್ ಮರದ ಮೇಲೆ 2ಬಿ ಪೆನ್ಸಿಲಿನಲ್ಲಿ ಹೆಸರು, ವರ್ಷ, ಮಾಧ್ಯಮ, ಅಳತೆ, ಕ್ರಮಸಂಖ್ಯೆ, ಯಾವುದು ಮೇಲ್ಬದಿ ಎಂಬುದಷ್ಟು ಬರೆಯಿರಿ. ಉದ್ದದ ಕಥೆಯನ್ನು ಕಾಗದದಲ್ಲಿ ಬರೆದು, ಅದೇ ಕ್ರಮಸಂಖ್ಯೆ ಹಾಕಿ, ಪಾಲಿಯೆಸ್ಟರ್ ಕವರಿನಲ್ಲಿಟ್ಟು ಹಿಂದಿನ ರಕ್ಷಾಹಲಗೆಗೆ ಕಟ್ಟಿ. ಹಲಗೆಗೆ ಮೇಲೆ ಎರಡು, ಕೆಳಗೆ ಎರಡು ಗಾಳಿತೂತು ಇರಲೇಬೇಕು. ನಮ್ಮ ಕಡೆಯ ಜೂನ್–ಜುಲೈಯ ತೇವದಲ್ಲಿ ಪೂರ್ತಿ ಮುಚ್ಚಿದ ಬೆನ್ನು ಬೂಷ್ಟಿನ ಗೂಡು. ಗೋಡೆಗೆ ತಾಗದ ಹಾಗೆ ಚೌಕಟ್ಟಿನ ಕೆಳಮೂಲೆಗಳಿಗೆ ಅರ್ಧ ಇಂಚಿನ ಕಾರ್ಕ್ ತುಂಡು ಅಂಟಿಸಿ.

ಕಾಞಂಗಾಡಿಗೆ ಒಯ್ಯುವಾಗ ಬಬಲ್ ಶೀಟನ್ನು ನೇರ ಚಿತ್ರಕ್ಕೆ ಸುತ್ತಬೇಡಿ. ಅಕ್ರಿಲಿಕ್ ಸೆಕೆಗೆ ಮೆತ್ತಗಾಗುತ್ತದೆ, ಗುಳ್ಳೆಯ ಗುರುತು ಉಂಗುರ ಉಂಗುರವಾಗಿ ಉಳಿಯುತ್ತದೆ. ಮೊದಲು ಅದೇ ಸಿಲಿಕಾನ್ ಕಾಗದ, ಅದರ ಮೇಲೆ ಗುಳ್ಳೆ ಹೊರಗೆ ಬರುವಂತೆ ಶೀಟು. ತಲುಪಿದ ಕೂಡಲೇ ಬಿಚ್ಚಿ.

ಬಾಯಾರು_ಬಣ್ಣ

ಚೌಕಟ್ಟಣ್ಣ, ಗೋಡೆಚೀಟಿಯವರೇ, ತುಂಬ ಉಪಕಾರ. ಪತ್ರ ಅಂಟಿಸುವ ಯೋಚನೆ ಬಿಟ್ಟೆ. ಇನ್ನು ಮೂರು ಸಂಶಯ. ಅಂಗಳದ ಗೋಡೆಯ ಚಿತ್ರದಲ್ಲಿ ದೊಡ್ಡಪ್ಪನವರ ವಿಷಯ ಬರುತ್ತದೆ, ಅವರು ಪ್ರದರ್ಶನಕ್ಕೂ ಬರುವವರು. ಒಂದು ಚಿತ್ರಕ್ಕೆ ಹಳೇ ಸ್ಟುಡಿಯೋ ಫೋಟೋ, ಇನ್ನೊಂದಕ್ಕೆ ಪತ್ರಿಕೆಯ ಫೋಟೋ ಆಧಾರ, ತೊಂದರೆ ಉಂಟಾ? ಮತ್ತೆ ಚೀಟಿ ಕನ್ನಡ, ಮಲಯಾಳ ಎರಡರಲ್ಲೂ ಬೇಕು. ಪ್ರಿಂಟ್ ಅಂಗಡಿಯಲ್ಲಿ ಮಾದರಿ ತೆಗೆಸಿದರೆ ಕನ್ನಡದ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ.

ನೀಲೇಶ್ವರ_ನೋಟ

ಪಾಲಿನ ಚಿತ್ರಕ್ಕೆ ಕಥೆಯೇ ಹಾಕಬೇಡಿ. ‘ಪಾಲಾದ ಮೇಲಿನ ಅಂಗಳ’ ಎಂದು ಹೆಸರಿಟ್ಟು ನಿಲ್ಲಿಸಿ. ಈ ಊರಿನಲ್ಲಿ ಆ ಮೂರು ಪದ ಓದಿ ತಿಳಿಯದವರು ಯಾರು? ಸಂಬಂಧದ ಹೆಸರು (ದೊಡ್ಡಪ್ಪ, ಅತ್ತೆ) ಬಂದ ಕೂಡಲೇ ಊರವರು ಲೆಕ್ಕ ಹಾಕಿಬಿಡುತ್ತಾರೆ, ನೀವು ಹೆಸರು ಹೇಳದಿದ್ದರೂ. ಬದುಕಿರುವವರ ಬಗ್ಗೆ ಬರೆದ ಯಾವುದೇ ಚೀಟಿಯನ್ನು ಅಚ್ಚಿಗೆ ಮೊದಲು ಅವರಿಗೆ ತೋರಿಸಿ. ತೋರಿಸುವಾಗ ಮಾತು ಸ್ಪಷ್ಟ ಇರಲಿ: ಬರಹದಲ್ಲಿ ಬದಲಾವಣೆ ಹೇಳಬಹುದು, ಚಿತ್ರದಲ್ಲಿ ಅಲ್ಲ. ಇದನ್ನು ಮೊದಲೇ ಹೇಳದಿದ್ದರೆ ಮಾತು ಗೋಡೆಯ ಎತ್ತರದಿಂದ ಶುರುವಾಗಿ ಎಲ್ಲಿಗೋ ಹೋಗುತ್ತದೆ.

ಫೋಟೋ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದು. ಹಾಗಾಗಿ ಮನೆಯವರು ಸ್ಟುಡಿಯೋಗೆ ಹೋಗಿ ತೆಗೆಸಿದ್ದಕ್ಕೆ ಮನೆಯವರ ಒಪ್ಪಿಗೆ ಸಾಕು. ಪತ್ರಿಕೆಯದ್ದು ಹಾಗಲ್ಲ, ಅನುಮತಿ ಬೇಕು. ಅದು ಗೇರುತೋಟದ ಚಿತ್ರಕ್ಕೆ ಬಳಸುತ್ತಿರುವ, ಕಾಯಿಲೆಬಿದ್ದ ಮಗುವಿನ ಮುಖವಾಗಿದ್ದರೆ ಅನುಮತಿ ಸಿಕ್ಕರೂ ಬೇಡ ಎನ್ನುತ್ತೇನೆ. ಆ ಮಗು ಈಗ ದೊಡ್ಡವನಾಗಿ ನಿಮ್ಮ ಪ್ರದರ್ಶನದ ಪಕ್ಕದ ಬೀದಿಯಲ್ಲೇ ಇರಬಹುದು.

ಅಕ್ಷರಜೋಡಣೆ

ಒತ್ತಕ್ಷರ ಒಡೆಯಲು ಎರಡು ಕಾರಣ. ಒಂದು, ನೀವು ಹಳೇ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಆನ್ಸಿ (ಯುನಿಕೋಡ್ ಅಲ್ಲದ) ಅಕ್ಷರದಲ್ಲಿ ಟೈಪ್ ಮಾಡಿದ್ದೀರಿ, ಅಂಗಡಿಯಲ್ಲಿ ಆ ಫಾಂಟ್ ಇಲ್ಲ. ಎರಡು, ಯುನಿಕೋಡಿನಲ್ಲೇ ಇದ್ದು, ಅಂಗಡಿಯವರು ಅದನ್ನು ಫೋಟೋಶಾಪಿಗೆ ಅಂಟಿಸಿದ್ದಾರೆ. ಅದರಲ್ಲಿ ವರ್ಲ್ಡ್ ರೆಡಿ ಲೇಔಟ್ ಎಂಬ ಆಯ್ಕೆ ಹಾಕದಿದ್ದರೆ ಭಾರತೀಯ ಲಿಪಿಗಳು ಬಿಡಿಬಿಡಿಯಾಗುತ್ತವೆ. ಯಾರಿಗೂ ಪಠ್ಯ ಕೊಡಬೇಡಿ, ಪಿಡಿಎಫ್ ಕೊಡಿ. ಲಿಬ್ರೆ ಆಫೀಸಿನಲ್ಲಿ ಯುನಿಕೋಡ್ ಫಾಂಟಿನಲ್ಲಿ ಜೋಡಿಸಿ ಪಿಡಿಎಫ್ ಮಾಡಿದರೆ ಫಾಂಟ್ ಒಳಗೇ ಕೂರುತ್ತದೆ. ಮುದ್ರಣಕ್ಕೆ ಮೊದಲು ಅರ್ಕಾವತ್ತು ಇರುವ ಪದ, ‘ಕ್ಯಾನ್ವಾಸ್’, ‘ಇನ್‌ಲ್ಯಾಂಡ್’ ಇವನ್ನು ಕಾಗದದ ಮೇಲೆಯೇ ನೋಡಿ, ಪರದೆಯಲ್ಲಿ ಅಲ್ಲ.

ಎ5 ಅಡ್ಡ ಹಾಳೆಯಲ್ಲಿ 18 ಪಾಯಿಂಟಿಗೆ ಸುಮಾರು 60 ಪದ ಹಿಡಿಯುತ್ತದೆ. ಹಿರಿಯರು ಹೆಚ್ಚು ಬರುವುದಾದರೆ 22 ಪಾಯಿಂಟ್, ಆಗ ಎ4 ಬೇಕು. ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟು ಇಡಿ, ಕನ್ನಡದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. ಮಾಸಲು ಬಿಳಿಯ ಮೇಲೆ ಕಪ್ಪು, ಮ್ಯಾಟ್ ಕಾಗದ, ಹೊಳಪಿನ ಲ್ಯಾಮಿನೇಶನ್ ಬೇಡ, ಟ್ಯೂಬ್‌ಲೈಟ್ ಹೊಳೆಯುತ್ತದೆ. ಎರಡು ಭಾಷೆಗೆ ಎರಡು ಚೀಟಿ ಪಕ್ಕಪಕ್ಕ, ಒಂದೇ ಅಳತೆ. ಕಾಞಂಗಾಡಿನಲ್ಲಿ ಮಲಯಾಳವನ್ನು ಚಿತ್ರದ ಹತ್ತಿರಕ್ಕೆ ತನ್ನಿ. ಮಲಯಾಳದ್ದನ್ನು ಕನ್ನಡ ಚೀಟಿ ನೋಡಿ ಮಾಡಿಸುವುದಕ್ಕಿಂತ, ಮೇಲೆ ಹೇಳಿದ ರೆಕಾರ್ಡಿಂಗ್ ಕೇಳಿಸಿ ಬಲ್ಲವರಿಂದ ಹೊಸದಾಗಿ ಬರೆಸಿ.

ಚಿತ್ರದ ನಡುಬಿಂದು ನೆಲದಿಂದ 145–150 ಸೆಂ.ಮೀ., ಚೀಟಿಯ ನಡುಬಿಂದು 135–140, ಚಿತ್ರದ ಬಲಕ್ಕೆ ಒಂದು ಗೇಣು ದೂರ. ನಿಮ್ಮ 60 ಇಂಚಿನ ಸುರಂಗಕ್ಕೆ ಮಾತ್ರ ಈ ಲೆಕ್ಕ ಬಿಟ್ಟು ನೆಲಕ್ಕೆ ಹತ್ತಿರ ಇಳಿಸಿ, ಒಳಗೆ ಹೋಗುವ ಬಾಗಿಲಿನ ಹಾಗೆ ಇರಲಿ.

ಬಾಯಾರು_ಬಣ್ಣ

ಶಾಲೆಯ ಗೋಡೆ ಸುಣ್ಣದ್ದು, ಮೊಳೆ ಹೊಡೆಯಲು ಬಿಡುವುದಿಲ್ಲ. ಚೀಟಿಗೆ ಡಬಲ್ ಸೈಡ್ ಟೇಪ್ ಸಾಕಾ?

ಕುಂಬಳೆ_ಚೌಕಟ್ಟು

ಸಾಲದು. ಸುಣ್ಣದ ಪುಡಿಗೆ ಟೇಪ್ ಹಿಡಿಯುವುದೇ ಇಲ್ಲ, ಬೆಳಿಗ್ಗೆ ಅಂಟಿಸಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ನೆಲದಲ್ಲಿರುತ್ತದೆ. ರಬ್ಬರಿನಂಥ ಮೆತ್ತಗಿನ ಅಂಟು ಹಚ್ಚಿದರೆ ಹಿಡಿಯುವುದೂ ಅಷ್ಟಕ್ಕಷ್ಟೆ, ಸುಣ್ಣದಲ್ಲಿ ಎಣ್ಣೆಕಲೆ ಬಿಟ್ಟು ಶಾಲೆಯವರ ಬೈಗುಳ ಬೇರೆ. 12 ಮಿ.ಮೀ. ಪ್ಲೈವುಡ್ಡಿನ 8 × 4 ಅಡಿಯ ಹಲಗೆಗಳನ್ನು ಬಾಡಿಗೆಗೆ ತನ್ನಿ. ಎರಡೆರಡನ್ನು ಮೂರು ಮೂರು ಕೀಲು ಹಾಕಿ ಜೋಡಿಸಿ, ತೆರೆದ ಪುಸ್ತಕದ ಹಾಗೆ ನಿಲ್ಲಿಸಿ. ಕೋನ 90 ಡಿಗ್ರಿಗಿಂತ ತೀರಾ ಹೆಚ್ಚಾದರೆ ಫ್ಯಾನಿನ ಗಾಳಿಗೇ ಆಡುತ್ತದೆ, ಹಾಗಾಗಿ ಕೆಳಗೆ ಎರಡು ಹಲಗೆಗೂ ಅಡ್ಡಪಟ್ಟಿ ಹೊಡೆದು ಮರಳಿನ ಚೀಲ ಇಡಿ. ಒಂದು ಬದಿಯಲ್ಲಿ ಒಂದೇ ದೊಡ್ಡ ಚಿತ್ರ. ತೂಗಲು ಒಂದು ಕೊಕ್ಕೆ ಬೇಡ, ಎರಡು ಹಾಕಿ. ಒಂದಾದರೆ ಜನ ಓಡಾಡಿದ ಹಾಗೆ ಓರೆಯಾಗುತ್ತದೆ. ಚೀಟಿಯನ್ನು 5 ಮಿ.ಮೀ. ಸನ್‌ಬೋರ್ಡಿಗೆ (ಹಗುರ ಫೋಮ್ ಹಲಗೆ) ಅಂಟಿಸಿ, ಹಲಗೆಗೆ ತಲೆಯಿಲ್ಲದ ಸಣ್ಣ ಮೊಳೆ ಎರಡು ಹೊಡೆದು ಅದರ ಮೇಲೆ ಚುಚ್ಚಿ ಕೂರಿಸಿ. ಕಾಞಂಗಾಡಿಗೆ ಹೋಗುವಾಗ ಕಿತ್ತರೆ ಹಾಗೇ ಬರುತ್ತದೆ. ಪ್ರತಿ ಚೀಟಿಯ ಎರಡು ಪ್ರತಿ ಮಾಡಿಸಿ ಇಡಿ, ಒಂದಾದರೂ ಕೈಬೆವರಿಗೆ ಕಪ್ಪಾಗುತ್ತದೆ.